ಹಳೇ ಕ್ಯಾಸೆಟ್ಟಿಗೆ ಯಾಕಿಷ್ಟು ಬೆಲೆ? ಅಮೆರಿಕದ ಯಾರ್ಡ್ ಸೇಲ್‌ಗಳಲ್ಲಿ ವಿಡಿಯೊ ಗೇಮ್ ಬೇಟೆ

2013ರಲ್ಲಿ ನಾರ್ತ್ ಕ್ಯಾರೊಲೈನಾದಲ್ಲಿ ಒಬ್ಬ ಹೆಂಗಸು ಗುಡ್‌ವಿಲ್ ಅಂಗಡಿಗೆ ಹೋದರು. ಜನ ದಾನ ಕೊಟ್ಟ ಹಳೇ ಬಟ್ಟೆ, ಪಾತ್ರೆ, ಪುಸ್ತಕಗಳನ್ನು ಮಾರುವ ಅಂಗಡಿ ಅದು. ಅಲ್ಲಿ ಒಂದು ಹಳೇ ವಿಡಿಯೊ ಗೇಮ್ ಕ್ಯಾಸೆಟ್ಟು ಕಣ್ಣಿಗೆ ಬಿತ್ತು. ಬೆಲೆ 7 ಡಾಲರ್ 99 ಸೆಂಟ್. ಕೊಂಡರು. ಆಮೇಲೆ ಅದನ್ನು 25,000 ಡಾಲರಿಗೆ ಮಾರಿದರು.

ಆ ಆಟದ ಹೆಸರು ಸ್ಟೇಡಿಯಂ ಈವೆಂಟ್ಸ್. ಇಷ್ಟು ದುಡ್ಡು ಬಾಳುವ ಆಟದಲ್ಲಿ ಅಂಥದ್ದೇನಿದೆ ಅಂತ ನೋಡಿದರೆ, ಏನೂ ಇಲ್ಲ. ನೆಲದ ಮೇಲೆ ಒಂದು ಪ್ಲಾಸ್ಟಿಕ್ ಚಾಪೆ ಹಾಸಬೇಕು. ಅದರ ಮೇಲೆ ನಿಂತಲ್ಲೇ ದಡಬಡ ಓಡಿದರೆ ಟಿವಿಯೊಳಗಿನ ಬೊಂಬೆಯೂ ಓಡುತ್ತದೆ. ನೂರು ಮೀಟರ್ ಓಟ, ಹರ್ಡಲ್ಸ್, ಉದ್ದ ಜಿಗಿತ. ಹತ್ತು ನಿಮಿಷ ಆಡಿದರೆ ಕೆಳಗಿನ ಮನೆಯವರು ಬಂದು ಬಾಗಿಲು ತಟ್ಟುತ್ತಾರೆ, ಅಷ್ಟೇ.

ಮತ್ತೆ ಬೆಲೆ ಯಾಕೆ? ಜಪಾನಿನ ಬಂಡಾಯ್ ಕಂಪನಿ 1987ರಲ್ಲಿ ಈ ಚಾಪೆ ಮತ್ತು ಆಟವನ್ನು ಅಮೆರಿಕದಲ್ಲಿ ಮಾರಲು ಶುರು ಮಾಡಿತ್ತು. ಸ್ವಲ್ಪ ಕಾಲಕ್ಕೇ ಜಪಾನಿನದೇ ವಿಡಿಯೊ ಗೇಮ್ ಕಂಪನಿ ನಿಂಟೆಂಡೊ ಆ ಚಾಪೆಯ ಹಕ್ಕನ್ನು ಕೊಂಡುಕೊಂಡಿತು. ಚಾಪೆಗೆ ಪವರ್ ಪ್ಯಾಡ್, ಆಟಕ್ಕೆ ವರ್ಲ್ಡ್ ಕ್ಲಾಸ್ ಟ್ರ್ಯಾಕ್ ಮೀಟ್ ಅಂತ ಹೊಸ ಹೆಸರಿಟ್ಟು 1988ರಲ್ಲಿ ಮತ್ತೆ ಮಾರಿತು. ಹಳೇ ಹೆಸರಿನ ಸರಕು ಅಂಗಡಿಗಳಿಂದ ವಾಪಸ್ ಹೋಯಿತು. ಅಷ್ಟರೊಳಗೆ ಬಿಕರಿಯಾಗಿದ್ದ ಕೆಲವು ಮಾತ್ರ ಅಲ್ಲೊಂದು ಇಲ್ಲೊಂದು ಮನೆಯಲ್ಲಿ ಉಳಿದವು. ಹೊಸ ಹೆಸರಿನದು ಇವತ್ತಿಗೂ ಕೆಲವೇ ಡಾಲರಿಗೆ ಸಿಗುತ್ತದೆ. ಆಟ ಅದೇ, ಓಟ ಅದೇ. ಮೇಲೆ ಅಂಟಿಸಿದ ಲೇಬಲ್ ಮಾತ್ರ ಬೇರೆ.

ನಾನು ಈ ಬೇಟೆಗೆ ಇಳಿದು ಒಂಬತ್ತು ವರ್ಷವಾಯಿತು. ಇರುವುದು ಅದೇ ನಾರ್ತ್ ಕ್ಯಾರೊಲೈನಾದಲ್ಲಿ. ಶುರುವಿನಲ್ಲಿ ನಾನೂ ಎಲ್ಲರ ಹಾಗೆ ಹಳೆಯದಾದಷ್ಟೂ ಬೆಲೆ ಜಾಸ್ತಿ ಅಂದುಕೊಂಡಿದ್ದೆ. ಒಳ್ಳೇ ಆಟಕ್ಕೆ ಒಳ್ಳೇ ಬೆಲೆ ಅಂತಲೂ ಅಂದುಕೊಂಡಿದ್ದೆ. ಎರಡೂ ತಪ್ಪು. ಒಂದು ಆಟ ಆಗ ಎಷ್ಟು ಮನೆ ಸೇರಿತ್ತು, ಅಲ್ಲಿಂದ ಎಷ್ಟು ಕಸಕ್ಕೆ ಹೋಯಿತು, ಉಳಿದದ್ದನ್ನು ಈಗ ಯಾರು ಹುಡುಕುತ್ತಿದ್ದಾರೆ. ಇಷ್ಟು ಗೊತ್ತಾದರೆ ಬೆಲೆ ತಾನಾಗಿ ಅರ್ಥವಾಗುತ್ತದೆ.

ಶನಿವಾರ ಬೆಳಗ್ಗೆ ಏಳು ಗಂಟೆ

ಯಾರ್ಡ್ ಸೇಲ್ ಅನ್ನುವುದು ನಮ್ಮ ಕಡೆ ಇಲ್ಲದ ವ್ಯಾಪಾರ. ನಮ್ಮಲ್ಲಿ ಹಳೇ ಬಟ್ಟೆ ಕೊಟ್ಟು ಸ್ಟೀಲ್ ಪಾತ್ರೆ ತಗೊಳ್ಳುತ್ತಿದ್ದರು. ಹಳೇ ಸೈಕಲ್ಲು ಅಣ್ಣನಿಂದ ತಮ್ಮನಿಗೆ, ತಮ್ಮನಿಂದ ಅತ್ತೆ ಮಗನಿಗೆ ಹೋಗುತ್ತಿತ್ತು. ಉಳಿದದ್ದು ಹಳೇ ಪೇಪರಿನವನ ಗಾಡಿಗೆ. ಅಮೆರಿಕದಲ್ಲಿ ಶನಿವಾರ ಬೆಳಗ್ಗೆ ಮನೆಯವರು ತಮ್ಮ ಹುಲ್ಲಿನ ಅಂಗಳದಲ್ಲಿ ಮೇಜು ಹಾಕಿ, ಬೇಡದ ಸಾಮಾನನ್ನೆಲ್ಲ ಹರಡಿ, ಒಂದೊಂದಕ್ಕೂ ಬೆಲೆಯ ಚೀಟಿ ಅಂಟಿಸಿ ಕೂತಿರುತ್ತಾರೆ. ಕ್ರಾಸಿನ ಕಂಬಕ್ಕೆ ಕೈಬರಹದ ಒಂದು ಬೋರ್ಡು, ಬಾಣದ ಗುರುತು. ಅಂಗಳದಲ್ಲಿ ಮಾಡಿದರೆ ಯಾರ್ಡ್ ಸೇಲ್, ಕಾರು ನಿಲ್ಲಿಸುವ ಜಾಗದಲ್ಲಿ ಮಾಡಿದರೆ ಗರಾಜ್ ಸೇಲ್. ಮನೆಯ ಹಿರಿಯರು ತೀರಿಕೊಂಡ ಮೇಲೆ ಮನೆ ಬಾಗಿಲು ತೆಗೆದು ಒಳಗಿರುವುದನ್ನೆಲ್ಲ ಮಾರಿದರೆ ಅದು ಎಸ್ಟೇಟ್ ಸೇಲ್.

ಇದು ಎಷ್ಟು ದೊಡ್ಡ ಹುಚ್ಚು ಅಂದರೆ, ಮಿಶಿಗನ್‌ನಿಂದ ಅಲಬಾಮಾದವರೆಗೆ ಸುಮಾರು 690 ಮೈಲಿ ಉದ್ದಕ್ಕೂ ಒಂದೇ ಯಾರ್ಡ್ ಸೇಲ್ ನಡೆಯುತ್ತದೆ. ಪ್ರತಿ ವರ್ಷ ಆಗಸ್ಟ್ ಮೊದಲ ಗುರುವಾರ ಶುರುವಾಗಿ ಭಾನುವಾರದ ತನಕ. 127ನೇ ಹೆದ್ದಾರಿ ಹಿಡಿದು ಹೋದರೆ ರಸ್ತೆ ಬದಿ ಪೂರ್ತಿ ಮೇಜುಗಳು. 1987ರಿಂದ ನಡೆದುಬಂದಿದೆ. ಬೀದರಿನಿಂದ ಚಾಮರಾಜನಗರದ ತನಕ ಒಂದೇ ಸಂತೆ ಅಂತ ಊಹಿಸಿಕೊಳ್ಳಿ. ಅದಕ್ಕೂ ಉದ್ದ ಇದು.

ಎಲ್ಲ ಬೀದಿಯೂ ಒಂದೇ ಅಲ್ಲ. ಹೊಸ ಬಡಾವಣೆಯಲ್ಲಿ ಸಿಗುವುದು ಮಗುವಿನ ತೊಟ್ಟಿಲು, ಪ್ಲಾಸ್ಟಿಕ್ ಜಾರುಬಂಡೆ, ಟ್ರೆಡ್‌ಮಿಲ್. ನಾನು ಹೋಗುವುದು ಎಂಬತ್ತರ ದಶಕದಲ್ಲಿ ಕಟ್ಟಿದ ಮನೆಗಳಿರುವ ಬೀದಿಗೆ. ಲೆಕ್ಕ ಸುಲಭ. ನಿಂಟೆಂಡೊದ ಮೊದಲ ಡಬ್ಬ, ಅಂದರೆ ಟಿವಿಗೆ ಸಿಕ್ಕಿಸಿ ಕ್ಯಾಸೆಟ್ಟು ಹಾಕಿ ಆಡುವ ಯಂತ್ರ, ಎನ್‌ಇಎಸ್ ಅಮೆರಿಕಕ್ಕೆ ಬಂದದ್ದು 1985ರಲ್ಲಿ, ಸೂಪರ್ ನಿಂಟೆಂಡೊ 1991ರಲ್ಲಿ, ಪ್ಲೇಸ್ಟೇಷನ್ 1995ರಲ್ಲಿ. ಆಗ ಆಡಿದ ಹುಡುಗ ಈಗ ನಲವತ್ತು ದಾಟಿ ಬೇರೆ ಊರಲ್ಲಿದ್ದಾನೆ. ಅವನ ಡಬ್ಬ ಮಾತ್ರ ಅಮ್ಮನ ಮನೆಯ ನೆಲಮಾಳಿಗೆಯಲ್ಲೇ ಕೂತಿದೆ. ಅಪ್ಪ ಅಮ್ಮ ನಿವೃತ್ತರಾಗಿ ಚಿಕ್ಕ ಮನೆಗೆ ಹೋಗುವಾಗ ಅದು ಅಂಗಳಕ್ಕೆ ಬರುತ್ತದೆ. ಮಗನಿಗೆ ಫೋನ್ ಮಾಡಿ ಕೇಳಿದರೆ "ಏನಾದರೂ ಮಾಡಮ್ಮ" ಅಂತಾನೆ. ನಮ್ಮಂಥವರ ಬೇಟೆ ನಡೆಯುವುದೇ ಆ ಮಾತಿನಿಂದ.

ಇನ್ನೊಂದು ಗುಟ್ಟು ಹೇಳುತ್ತೇನೆ. ಮೇಜಿನ ಮೇಲೆ ಇರುವುದನ್ನು ಎಲ್ಲರೂ ನೋಡುತ್ತಾರೆ. "ಹಳೇ ವಿಡಿಯೊ ಗೇಮ್ ಏನಾದರೂ ಇದೆಯಾ?" ಅಂತ ಬಾಯಿಬಿಟ್ಟು ಕೇಳಿ. ಎಷ್ಟೋ ಜನ ಅದನ್ನು ಮಾರುವ ಸಾಮಾನು ಅಂತಲೇ ಅಂದುಕೊಂಡಿರುವುದಿಲ್ಲ. "ಅಟ್ಟದ ಮೇಲೆ ಒಂದು ಪೆಟ್ಟಿಗೆ ಇರಬೇಕು, ತಾಳಿ" ಅಂತ ಒಳಗೆ ಹೋಗುತ್ತಾರೆ. ನನಗೆ ಸಿಕ್ಕ ಒಳ್ಳೇ ಸಾಮಾನಿನಲ್ಲಿ ಅರ್ಧದಷ್ಟು ಹೀಗೆ ಕೇಳಿ ಸಿಕ್ಕಿದ್ದು.

ಚೌಕಾಸಿ ನಮಗೆ ಹುಟ್ಟಿನಿಂದ ಬಂದ ವಿದ್ಯೆ, ಅದನ್ನು ಹೇಳಿಕೊಡಬೇಕಿಲ್ಲ. ಆದರೆ ಇಲ್ಲಿ ದನಿ ಮೆತ್ತಗಿರಬೇಕು. ಒಂದೊಂದಕ್ಕೇ ಕಡಿಮೆ ಕೇಳುವ ಬದಲು ನಾಲ್ಕೈದು ಒಟ್ಟಿಗೆ ಎತ್ತಿ "ಇಷ್ಟಕ್ಕೆ ಎಷ್ಟು?" ಅಂದರೆ ಅವರೇ ಇಳಿಸುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಇನ್ನೂ ಇಳಿಯುತ್ತದೆ, ಯಾಕೆಂದರೆ ಉಳಿದದ್ದನ್ನು ಮತ್ತೆ ಒಳಗೆ ಹೊರುವುದು ಯಾರಿಗೂ ಬೇಡ. ಅಷ್ಟರಲ್ಲಿ ಒಳ್ಳೆಯದೂ ಹೋಗಿರುತ್ತದೆ ಅನ್ನಿ.

ಒಮ್ಮೆ ಒಬ್ಬ ಅಜ್ಜಿ ಇಡೀ ಶೂ ಡಬ್ಬದ ತುಂಬ ಸೂಪರ್ ನಿಂಟೆಂಡೊ ಕ್ಯಾಸೆಟ್ಟು ಇಟ್ಟುಕೊಂಡು "ಹತ್ತು ಡಾಲರ್ ಕೊಡಪ್ಪ" ಅಂದರು. ಮೇಲೆಯೇ ಅರ್ಥ್‌ಬೌಂಡ್ ಕಾಣುತ್ತಿತ್ತು. ಅದೊಂದೇ ಇನ್ನೂರು ಡಾಲರಿನ ಮೇಲೆ. ನಾನು ಬಾಯಿಬಿಟ್ಟು ಹೇಳಿದೆ. ಅರ್ಥ್‌ಬೌಂಡ್ ಅವರ ಹತ್ತಿರವೇ ಉಳಿಯಿತು, ಉಳಿದದ್ದನ್ನು ಹತ್ತು ಡಾಲರಿಗೇ ಕೊಟ್ಟರು. ಬೇಟೆಗಾರ ಗೆಳೆಯರಿಗೆ ಈ ಕಥೆ ಹೇಳಿದರೆ ಇವತ್ತಿಗೂ ತಲೆ ಚಚ್ಚಿಕೊಳ್ಳುತ್ತಾರೆ. ಅಂಗಡಿಯವರು ಬೆಲೆ ಹಾಕಿದ್ದರೆ ನಾನೂ ಸುಮ್ನೆ ಕೊಂಡು ಬರುತ್ತಿದ್ದೆ. ಅಜ್ಜಿಯ ಅಂಗಳದಲ್ಲಿ ಯಾಕೋ ಆಗಲಿಲ್ಲ.

ಜಾತ್ರೆ ಮುಗಿದ ಮೇಲೆ ಬಂದ ಆಟಗಳು

ನೂರು ಕ್ಯಾಸೆಟ್ಟು ಸಿಕ್ಕರೆ ತೊಂಬತ್ತು ಕೆಲಸಕ್ಕೆ ಬಾರದವು. ಸೂಪರ್ ಮಾರಿಯೊ ಬ್ರದರ್ಸ್ ಮತ್ತು ಡಕ್ ಹಂಟ್ ಎರಡೂ ಸೇರಿದ ಕ್ಯಾಸೆಟ್ಟು ಎಲ್ಲ ಕಡೆ ಸಿಗುತ್ತದೆ. ಡಬ್ಬದ ಜೊತೆಗೇ ಕೊಡುತ್ತಿದ್ದ ಆಟ ಅದು, ಹಾಗಾಗಿ ಡಬ್ಬ ಇದ್ದ ಮನೆಯಲ್ಲೆಲ್ಲ ಇದೆ. ಆಟ ಚಿನ್ನ, ಬೆಲೆ ತಗಡು. ಮ್ಯಾಡನ್, ಫಿಫಾ ಥರದ ಕ್ರೀಡೆಯ ಆಟಗಳಂತೂ ಹಳೇ ಸಾಮಾನು ಮಾರುವ ತ್ರಿಫ್ಟ್ ಸ್ಟೋರಿನ ಕಪಾಟಿನಲ್ಲಿ ಗೋಡೆ ಕಟ್ಟಿದ ಹಾಗೆ ನಿಂತಿರುತ್ತವೆ. ಪ್ರತಿ ವರ್ಷ ಹೊಸದು ಬರುತ್ತದೆ, ಹಳೆಯದು ಹೋದ ವರ್ಷದ ಕ್ಯಾಲೆಂಡರಿನ ಹಾಗೆ ಯಾರಿಗೂ ಬೇಡ.

ಬೆಲೆ ಬರುವುದು ಬೇರೆ ಜಾಗದಲ್ಲಿ. 1991ರಲ್ಲಿ ಸೂಪರ್ ನಿಂಟೆಂಡೊ ಬಂದ ಮೇಲೆ ಹುಡುಗರೆಲ್ಲ ಅತ್ತ ಹೋದರು. ಆದರೆ ಹಳೇ ಎನ್‌ಇಎಸ್‌ಗೆ 1994ರ ತನಕ ಆಟಗಳು ಬರುತ್ತಲೇ ಇದ್ದವು. ಜಾತ್ರೆ ಮುಗಿದು ಜನ ಬಸ್ಸು ಹತ್ತಿದ ಮೇಲೆ ಅಂಗಡಿ ಇಟ್ಟ ಹಾಗೆ. ಕೊಳ್ಳುವವರಿಲ್ಲ, ಹಾಗಾಗಿ ಮಾಡಿದ್ದೂ ಕಡಿಮೆ. ಟೈಟೊ ಕಂಪನಿಯ ಲಿಟಲ್ ಸ್ಯಾಮ್ಸನ್ 1992ರಲ್ಲಿ ಬಂತು. ಚೆಂದದ ಆಟ, ಆಗ ಯಾರೂ ಮೂಸಿ ನೋಡಲಿಲ್ಲ. ಈಗ ಬರೀ ಕ್ಯಾಸೆಟ್ಟೇ ಸಾವಿರ ಡಾಲರ್ ದಾಟುತ್ತದೆ. 1994ರ ಫ್ಲಿಂಟ್‌ಸ್ಟೋನ್ಸ್‌ನ ಎರಡನೇ ಆಟದ್ದೂ ಇದೇ ಕಥೆ. ಸೆಗಾ ಸ್ಯಾಟರ್ನ್ ಡಬ್ಬ ಅಮೆರಿಕದಲ್ಲಿ ಸೋತು ಮಲಗಿದ್ದಾಗ, 1998ರಲ್ಲಿ ಪ್ಯಾಂಜರ್ ಡ್ರ್ಯಾಗೂನ್ ಸಾಗಾ ಅಂತ ನಾಲ್ಕು ಡಿಸ್ಕಿನ ಆಟ ಬಂತು. ಅದೂ ಕೆಲವೇ ಪ್ರತಿ. ಯಾವುದೇ ಡಬ್ಬದ ಕೊನೆಯ ಎರಡು ವರ್ಷದ ಆಟಗಳ ಹೆಸರು ಬಾಯಿಪಾಠ ಮಾಡಿಕೊಳ್ಳಿ. ಬೇಟೆಯ ಅರ್ಧ ವಿದ್ಯೆ ಅಷ್ಟರಲ್ಲೇ ಬಂತು.

ಅಜ್ಜಿಯ ಡಬ್ಬದಲ್ಲಿದ್ದ ಅರ್ಥ್‌ಬೌಂಡ್ ಅಪರೂಪ ಆದದ್ದು ಬೇರೆ ಕಾರಣಕ್ಕೆ. 1995ರಲ್ಲಿ ಅದರ ಜಾಹೀರಾತಿನಲ್ಲಿ ನಿಂಟೆಂಡೊದವರೇ "ಈ ಆಟ ನಾರುತ್ತದೆ" ಅಂತ ಹಾಕಿದ್ದರು! ತಮಾಷೆಗೆ. ಉಜ್ಜಿದರೆ ವಾಸನೆ ಬರುವ ಕಾಗದವನ್ನೂ ಕೊಟ್ಟರು. ಜನ ನಂಬಿಬಿಟ್ಟರೋ ಏನೋ, ಆಟ ಓಡಲಿಲ್ಲ. ವರ್ಷಗಳ ಮೇಲೆ ಅದರ ಕಥೆಗೆ ಜನ ಮರುಳಾದರು. ಹುಡುಕಲು ಹೊರಟಾಗ ಮಾರುಕಟ್ಟೆಯಲ್ಲಿ ಪ್ರತಿಗಳೇ ಇಲ್ಲ.

ಕೋರ್ಟು ಕಚೇರಿಯಿಂದ ಅಪರೂಪ ಆದವೂ ಇವೆ. 1989ರಲ್ಲಿ ಟೆಂಗೆನ್ ಕಂಪನಿ ಟೆಟ್ರಿಸ್ ಆಟವನ್ನು ಕಪ್ಪು ಕ್ಯಾಸೆಟ್ಟಿನಲ್ಲಿ ಮಾರಿತು. ಹಕ್ಕು ತನ್ನದು ಅಂತ ನಿಂಟೆಂಡೊ ಕೋರ್ಟಿಗೆ ಹೋಯಿತು. ಕೋರ್ಟು ತಡೆ ಕೊಟ್ಟಿತು, ಟೆಂಗೆನ್ ಕ್ಯಾಸೆಟ್ಟು ಅಂಗಡಿಯಿಂದ ಮಾಯವಾಯಿತು. ಆಡಿದವರೆಲ್ಲ ಇವತ್ತಿಗೂ ಅದೇ ಚೆನ್ನಾಗಿತ್ತು ಅನ್ನುತ್ತಾರೆ, ಯಾಕೆಂದರೆ ಅದರಲ್ಲಿ ಇಬ್ಬರು ಒಟ್ಟಿಗೆ ಆಡಬಹುದಿತ್ತು.

ಇನ್ನು ಅಂಗಡಿಗೇ ಬಾರದ ಕ್ಯಾಸೆಟ್ಟುಗಳು. 1990ರಲ್ಲಿ ನಿಂಟೆಂಡೊ ಅಮೆರಿಕದ ಊರೂರಿನಲ್ಲಿ ಒಂದು ಸ್ಪರ್ಧೆ ನಡೆಸಿತು, ನಿಂಟೆಂಡೊ ವರ್ಲ್ಡ್ ಚಾಂಪಿಯನ್‌ಶಿಪ್ಸ್. ಅದಕ್ಕೆ ಸೇರಿದ್ದು ಒಟ್ಟು 116 ಕ್ಯಾಸೆಟ್ಟು: ಬೂದು ಬಣ್ಣದವು 90, ಚಿನ್ನದ ಬಣ್ಣದವು 26. ಯಾರ್ಡ್ ಸೇಲಿನಲ್ಲಿ ಅದು ಸಿಗುತ್ತದೆ ಅಂತ ಕನಸು ಕಾಣಬಹುದು, ಕಾಸು ಖರ್ಚಿಲ್ಲ.

ಪೋಕೆಮಾನ್ ಮಾತ್ರ ಈ ಲೆಕ್ಕಕ್ಕೆ ಸಿಗದ ಪ್ರಾಣಿ. ಕೋಟಿಗಟ್ಟಲೆ ಮಾರಾಟವಾದ ಆಟ. ಸಂತೆಯಲ್ಲಿ ಈರುಳ್ಳಿ ಸಿಕ್ಕಷ್ಟು ಸಿಗಬೇಕು. ಆದರೆ ಬೆಲೆ ಇಳಿಯುವುದೇ ಇಲ್ಲ. ಪ್ರತಿ ಹೊಸ ಮಗುವೂ ಪೋಕೆಮಾನ್ ಕೇಳುತ್ತದೆ, ದೊಡ್ಡವರು ತಮ್ಮ ಹಳೆಯದನ್ನು ಬಿಡುವುದಿಲ್ಲ. ಮಾಡಿದ್ದು ಎಷ್ಟು ಅನ್ನುವುದಕ್ಕಿಂತ ಮಾರಲು ಬರುವುದು ಎಷ್ಟು ಅನ್ನುವುದೇ ಮುಖ್ಯ ಅಂತ ನನಗೆ ತಿಳಿದದ್ದು ಇದರಿಂದ.

ರಟ್ಟಿನ ಡಬ್ಬವನ್ನು ಮರೆಯಬಾರದು. ನಿಂಟೆಂಡೊ ಕ್ಯಾಸೆಟ್ಟುಗಳು ತೆಳ್ಳಗಿನ ರಟ್ಟಿನ ಡಬ್ಬದಲ್ಲಿ ಬರುತ್ತಿದ್ದವು. ಹಬ್ಬದ ದಿನ ಹುಡುಗ ಅದನ್ನು ಹರಿದು ಬಿಸಾಕಿ ಆಡಲು ಕೂರುತ್ತಿದ್ದ. ಸೆಗಾ ಜೆನೆಸಿಸ್ ಆಟಗಳಲ್ಲಿ ಹೆಚ್ಚಿನವು ಗಟ್ಟಿ ಪ್ಲಾಸ್ಟಿಕ್ ಡಬ್ಬದಲ್ಲಿ ಬಂದವು, ಹಾಗಾಗಿ ಉಳಿದವು. ಇದೊಂದೇ ಕಾರಣಕ್ಕೆ ಎಷ್ಟೋ ನಿಂಟೆಂಡೊ ಆಟಗಳ ಖಾಲಿ ಡಬ್ಬ ಒಳಗಿನ ಕ್ಯಾಸೆಟ್ಟಿಗಿಂತ ದುಬಾರಿ. ಹೌದು, ಖಾಲಿ ಡಬ್ಬ. ಬರೀ ಕ್ಯಾಸೆಟ್ಟಿಗೆ ಇಲ್ಲಿ "ಲೂಸ್" ಅಂತಾರೆ. ಡಬ್ಬ, ಆಟದ ಪುಸ್ತಕ ಎಲ್ಲ ಇದ್ದರೆ "ಕಂಪ್ಲೀಟ್". ಬಿಚ್ಚೇ ಇಲ್ಲದಿದ್ದರೆ "ಸೀಲ್ಡ್". ಒಂದೇ ಆಟಕ್ಕೆ ಈ ಮೂರು ಬೆಲೆಗಳ ನಡುವೆ ಆಕಾಶ ಭೂಮಿ ಅಂತರ.

ಬೆಲೆ ನೋಡುವಾಗ ಹೊಸಬರೆಲ್ಲ ಒಂದು ತಪ್ಪು ಮಾಡುತ್ತಾರೆ. ಇಬೇ ಅನ್ನುವ ಆನ್‌ಲೈನ್ ಮಾರಾಟದ ತಾಣದಲ್ಲಿ ಯಾರೋ 500 ಡಾಲರ್ ಕೇಳುತ್ತಿದ್ದಾರೆ ಅಂದರೆ ಅದು ಬೆಲೆಯಲ್ಲ, ಆಸೆ. ಮಾರಾಟ ಆದವನ್ನು ಮಾತ್ರ ತೋರಿಸು ಅನ್ನುವ ಆಯ್ಕೆ ಅಲ್ಲಿದೆ, ಅದನ್ನು ಒತ್ತಿ ನೋಡಿ. ಪ್ರೈಸ್‌ಚಾರ್ಟಿಂಗ್ ಅನ್ನುವ ತಾಣವೂ ಬಿಕರಿಯಾದ ಬೆಲೆಗಳನ್ನೇ ಕಲೆಹಾಕಿ ಕೊಡುತ್ತದೆ. ಅಜ್ಜಿಯ ಮುಂದೆಯೇ ಫೋನ್ ಹಿಡಿದು ನೋಡಬೇಡಿ, ಚೆನ್ನಾಗಿರಲ್ಲ.

ತ್ರಿಫ್ಟ್ ಸ್ಟೋರು ಮೊದಲಿನ ಹಾಗಿಲ್ಲ

ಗುಡ್‌ವಿಲ್ ಶುರುವಾದದ್ದು 1902ರಲ್ಲಿ, ಬಾಸ್ಟನ್ನಿನಲ್ಲಿ. ಒಬ್ಬ ಪಾದ್ರಿ ಶುರು ಮಾಡಿದ್ದು. ಇದ್ದವರಿಂದ ಹಳೇ ಸಾಮಾನು ತಂದು, ಬಡವರ ಕೈಲಿ ರಿಪೇರಿ ಮಾಡಿಸಿ, ಮಾರಿ, ಅವರಿಗೇ ಕೂಲಿ ಕೊಡುವುದು. ದಾನಕ್ಕೆ ಬಂದ ಸಾಮಾನಿಗೆ ಬೆಲೆ ಹಾಕುವವರು ಸಾಮಾನ್ಯ ಕೆಲಸಗಾರರು. ಅವರಿಗೆ ಲಿಟಲ್ ಸ್ಯಾಮ್ಸನ್ ಯಾವುದು, ಮ್ಯಾಡನ್ ಯಾವುದು ಅಂತ ಗೊತ್ತಿರಲಿಲ್ಲ. ಬೇಟೆಗಾರರ ಸುಗ್ಗಿ ಇದ್ದದ್ದು ಅದಕ್ಕೇ.

1999ರಲ್ಲಿ ಗುಡ್‌ವಿಲ್‌ನವರು ತಮ್ಮದೇ ಹರಾಜಿನ ತಾಣ ತೆರೆದರು. ಕೈಗೆ ಫೋನ್ ಬಂದ ಮೇಲೆ ಯಾರು ಬೇಕಾದರೂ ಎರಡು ನಿಮಿಷದಲ್ಲಿ ಬೆಲೆ ನೋಡಬಹುದು. ಈಗ ಒಳ್ಳೇ ಕ್ಯಾಸೆಟ್ಟು ಬಂದರೆ ಅದು ಹಿಂದಿನ ಕೋಣೆಯಿಂದಲೇ ಹರಾಜಿಗೆ ಹೋಗುತ್ತದೆ, ಕಪಾಟಿಗೆ ಬರುವುದಿಲ್ಲ. ಇದನ್ನು ಬೈಯುವ ಬೇಟೆಗಾರರು ಜಾಸ್ತಿ. ನನಗೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ದಾನ ಕೊಟ್ಟವರು ನನ್ನ ಲಾಭಕ್ಕೆ ಕೊಟ್ಟಿರಲಿಲ್ಲ, ಅಲ್ವಾ?

ಆದರೂ ಕಣ್ಣು ತಪ್ಪುವ ಜಾಗಗಳು ಉಳಿದಿವೆ. ಡಿವಿಡಿ ಕಪಾಟಿನಲ್ಲಿ ಪ್ಲೇಸ್ಟೇಷನ್ 2 ಆಟಗಳು ಸೇರಿಕೊಂಡಿರುತ್ತವೆ, ಡಬ್ಬ ಒಂದೇ ಅಳತೆ. ಸಿನಿಮಾದ ಡಬ್ಬ ತೆರೆದರೆ ಒಳಗೆ ಆಟದ ಡಿಸ್ಕು ಇರುವುದೂ ಉಂಟು. ಆಟಿಕೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ನೇತುಹಾಕಿರುತ್ತಾರೆ, ಅದರ ತಳದಲ್ಲಿ ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್ ಡಬ್ಬದ ಪುಟ್ಟ ಕ್ಯಾಸೆಟ್ಟು ಬಿದ್ದಿರುತ್ತದೆ. ವೈರುಗಳ ಬುಟ್ಟಿಯನ್ನು ಎಂದೂ ಬಿಡಬೇಡಿ. ಇನ್ನು "ಬಿನ್ಸ್" ಅನ್ನುವ ಔಟ್‌ಲೆಟ್ ಅಂಗಡಿಗಳಿವೆ. ಎಲ್ಲೂ ಮಾರದೆ ಉಳಿದದ್ದನ್ನು ದೊಡ್ಡ ತೊಟ್ಟಿಗೆ ಸುರಿದು ತೂಕಕ್ಕೆ ಮಾರುತ್ತಾರೆ. ಕೈಗವಸು ಹಾಕಿಕೊಂಡು ಹೋಗಿ. ನಾನೊಮ್ಮೆ ಹಾಕದೆ ಹೋಗಿ, ಒಡೆದ ಗಾಜಿಗೆ ಕೈ ಕೊಟ್ಟು ಬಂದೆ.

ನಕಲಿ

ಹಳೇ ಕ್ಯಾಸೆಟ್ಟಿಗೆ ದುಡ್ಡು ಬರುತ್ತದೆ ಅಂತ ಗೊತ್ತಾದ ಮೇಲೆ ನಕಲಿ ಬಾರದೆ ಇರುತ್ತದೆಯೇ? ಒಂದು ಭಾನುವಾರದ ಸಂತೆಯಲ್ಲಿ ನಾನು 40 ಡಾಲರ್ ಕೊಟ್ಟು ಗೇಮ್ ಬಾಯ್ ಅಡ್ವಾನ್ಸ್‌ನ ಪೋಕೆಮಾನ್ ಎಮರಾಲ್ಡ್ ಕೊಂಡೆ. ಮನೆಗೆ ಬಂದು ಆಡಿದೆ, ಆಟ ಉಳಿಸಿದೆ, ಮಾರನೇ ದಿನ ತೆರೆದರೆ ಏನೂ ಇಲ್ಲ. ಬಿಚ್ಚಿ ನೋಡಿದರೆ ಒಳಗೆ ಬೆರಳುಗುರಿನಷ್ಟು ಸರ್ಕ್ಯೂಟ್ ಹಲಗೆ, ಅದರ ಮೇಲೊಂದು ಕಪ್ಪು ತೊಟ್ಟು.

ಆಮೇಲೆ ಕಲಿತೆ. ಗೇಮ್ ಬಾಯ್ ಅಡ್ವಾನ್ಸ್ ಕ್ಯಾಸೆಟ್ಟನ್ನು ತಲೆಕೆಳಗೆ ಹಿಡಿದು ಡಬ್ಬದೊಳಗೆ ಹೋಗುವ ತುದಿಯಲ್ಲಿರುವ ಚಿನ್ನದ ಬಣ್ಣದ ಲೋಹದ ಹಲ್ಲುಗಳ ಮೇಲ್ಗಡೆ ನೋಡಿ. ಅಸಲಿಯಲ್ಲಿ ಹಸಿರು ಹಲಗೆಯ ಮೇಲೆ ನಿಂಟೆಂಡೊ ಅಂತ ಸಣ್ಣಗೆ ಅಚ್ಚಾಗಿರುತ್ತದೆ. ಲೇಬಲ್ಲನ್ನು ಬೆಳಕಿಗೆ ಓರೆ ಹಿಡಿದರೆ ಒತ್ತಿ ಮೂಡಿಸಿದ ಎರಡಂಕಿಯ ಸಂಖ್ಯೆ ಕಾಣುತ್ತದೆ. ನಕಲಿಯಲ್ಲಿ ಸಾಮಾನ್ಯವಾಗಿ ಇದು ಇರುವುದಿಲ್ಲ, ಲೇಬಲ್ಲಿನ ಬಣ್ಣವೂ ತೊಳೆದ ಹಾಗೆ. ಎನ್‌ಇಎಸ್, ಸೂಪರ್ ನಿಂಟೆಂಡೊ ಕ್ಯಾಸೆಟ್ಟು ಬಿಚ್ಚಲು 3.8 ಮಿಲಿಮೀಟರಿನ ವಿಶೇಷ ಸ್ಕ್ರೂ ಡ್ರೈವರ್ ಬೇಕು, ಕೆಲವೇ ಡಾಲರಿಗೆ ಬರುತ್ತದೆ. ದುಬಾರಿ ಆಟವಾದರೆ ಬಿಚ್ಚಿ ನೋಡದೆ ಕೊಳ್ಳಲೇಬೇಡಿ. ಪ್ರಾಮಾಣಿಕ ಮಾರಾಟಗಾರ ಬೇಡ ಅನ್ನುವುದಿಲ್ಲ.

ಮನೆಗೆ ತಂದ ಮೇಲೆ

ಕ್ಯಾಸೆಟ್ಟು ಓಡದಿದ್ದರೆ ಉಫ್ ಅಂತ ಊದುವುದು ಪ್ರಪಂಚದ ಎಲ್ಲ ಮಕ್ಕಳಿಗೂ ಗೊತ್ತಿದ್ದ ವಿದ್ಯೆ. ಬೆಂಗಳೂರಿನಲ್ಲೂ ಊದಿದೆವು, ಇವರೂ ಊದಿದರು. ಆದರೆ ಎಂಜಲಿನ ತೇವ ಲೋಹದ ಹಲ್ಲುಗಳನ್ನು ನಿಧಾನಕ್ಕೆ ತಿನ್ನುತ್ತದೆ. ತೆಗೆದು ಮತ್ತೆ ಹಾಕಿದ್ದರಿಂದ ಸರಿಯಾಗುತ್ತಿತ್ತೇ ಹೊರತು ಊದಿದ್ದರಿಂದಲ್ಲ. ಹತ್ತಿ ಸುತ್ತಿದ ಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ ಹಲ್ಲುಗಳನ್ನು ಒರೆಸಿ. ಮೂವತ್ತು ವರ್ಷದ ಕಪ್ಪು ಬರುತ್ತದೆ. ಸತ್ತಿದೆ ಅಂತ ಒಂದು ಡಾಲರಿಗೆ ಕೊಟ್ಟ ಕ್ಯಾಸೆಟ್ಟುಗಳಲ್ಲಿ ಹೆಚ್ಚಿನವು ಹೀಗೆ ಎದ್ದು ಕೂತಿವೆ.

ಸಿಡಿಯ ಆಟವಾದರೆ ಕೆಳಗಿನ ಗೀರುಗಳಿಗೆ ಹೆದರಬೇಡಿ, ಉಜ್ಜಿ ಸರಿ ಮಾಡುವ ಯಂತ್ರಗಳಿವೆ. ಹೆದರಬೇಕಾದ್ದು ಚಿತ್ರವಿರುವ ಮೇಲ್ಭಾಗದ ಗೀರಿಗೆ. ಸಿಡಿಯಲ್ಲಿ ಮಾಹಿತಿ ಇರುವುದು ಆ ಚಿತ್ರದ ಕೆಳಗೇ. ಡಿಸ್ಕನ್ನು ಬೆಳಕಿಗೆ ಹಿಡಿದು ನೋಡಿ, ಸೂಜಿಚುಚ್ಚಿನ ಹಾಗೆ ಬೆಳಕು ತೂರಿ ಬಂದರೆ ಅಲ್ಲಿಗೇ ಬಿಡಿ.

ಡಕ್ ಹಂಟ್ ಬಂದೂಕು ಸಿಕ್ಕಿತು ಅಂತ ಖುಷಿಪಟ್ಟು ಈಗಿನ ಚಪ್ಪಟೆ ಟಿವಿಗೆ ಗುರಿಯಿಟ್ಟರೆ ಒಂದು ಬಾತುಕೋಳಿಯೂ ಬೀಳುವುದಿಲ್ಲ. ಗುಂಡಿ ಒತ್ತಿದ ಕ್ಷಣ ಪರದೆ ಕಪ್ಪಾಗಿ, ಬಾತಿನ ಜಾಗದಲ್ಲಿ ಬಿಳಿ ಚೌಕ ಮಿಂಚುತ್ತದೆ. ಬಂದೂಕಿನ ತುದಿಯ ಕಣ್ಣು ಆ ಬೆಳಕನ್ನು ಹಿಡಿಯಬೇಕು. ಹಳೇ ಡಬ್ಬಾ ಟಿವಿಯಲ್ಲಿ ಆ ಬೆಳಕು ತಕ್ಷಣ ಬರುತ್ತಿತ್ತು, ಈಗಿನದು ಒಂದು ಚೂರು ತಡ ಮಾಡುತ್ತದೆ. ಹಾಗಾಗಿ ರಸ್ತೆ ಬದಿಯಲ್ಲಿ ಯಾರೋ ಬಿಟ್ಟುಹೋದ ಡಬ್ಬಾ ಟಿವಿಯನ್ನು ನಮ್ಮಂಥವರು ಕಾರಿಗೆ ಹೇರಿಕೊಂಡು ಬರುತ್ತೇವೆ. ಮನೆಯವರು ಏನಂತಾರೆ ಅಂತ ಕೇಳಬೇಡಿ.

ಇನ್ನೊಂದು ಇದೆ, ಬ್ಯಾಟರಿ. ಆಟ ಉಳಿಸುವ ಹಳೇ ಕ್ಯಾಸೆಟ್ಟುಗಳೊಳಗೆ ಗುಂಡಿಯಂಥ ಬ್ಯಾಟರಿ ಇರುತ್ತದೆ. ಜೆಲ್ಡಾ ಕ್ಯಾಸೆಟ್ಟು ಹಾಕಿದರೆ ಒಮ್ಮೊಮ್ಮೆ ಯಾರೋ ಹುಡುಗ ಮೂವತ್ತು ವರ್ಷದ ಹಿಂದೆ ಟೈಪಿಸಿದ ಹೆಸರು ಇನ್ನೂ ಇರುತ್ತದೆ. ಆಟದಲ್ಲಿ ಮೂರು ಹೃದಯದಷ್ಟು ಜೀವ ಉಳಿದಿದೆ, ಕೊನೇ ಗುಹೆಯ ಬಾಗಿಲಲ್ಲಿ ನಿಲ್ಲಿಸಿದ್ದಾನೆ. ಬ್ಯಾಟರಿ ಬದಲಿಸಿದರೆ ಅದು ಅಳಿಸಿಹೋಗುತ್ತದೆ. ಬದಲಿಸದಿದ್ದರೂ ಇವತ್ತಲ್ಲ ನಾಳೆ ಹೋಗುತ್ತದೆ. ನನ್ನ ಹತ್ತಿರ ಅಂಥ ಮೂರು ಕ್ಯಾಸೆಟ್ಟುಗಳಿವೆ, ಇನ್ನೂ ಮುಟ್ಟಿಲ್ಲ.

ಕೋಟಿಯ ಮಾತು

2021ರ ಸುದ್ದಿಗಳನ್ನು ನೀವೂ ಓದಿರಬಹುದು. ಏಪ್ರಿಲ್‌ನಲ್ಲಿ ಬಿಚ್ಚದ ಸೂಪರ್ ಮಾರಿಯೊ ಬ್ರದರ್ಸ್ 6,60,000 ಡಾಲರಿಗೆ ಹರಾಜಾಯಿತು. ಜುಲೈನಲ್ಲಿ ಜೆಲ್ಡಾ 8,70,000. ಎರಡೇ ದಿನಕ್ಕೆ ಸೂಪರ್ ಮಾರಿಯೊ 64 ಆಟ 15,60,000 ಡಾಲರ್. ಆ ಮೊದಲಿನ ಮಾರಿಯೊವನ್ನು 1986ರಲ್ಲಿ ಕ್ರಿಸ್‌ಮಸ್ ಉಡುಗೊರೆಗೆ ಅಂತ ಕೊಂಡು, ಮೇಜಿನ ಡ್ರಾಯರಿನಲ್ಲಿಟ್ಟು, ಮರೆತುಬಿಟ್ಟಿದ್ದರಂತೆ. ಮರೆವಿಗೆ ಇಷ್ಟು ಸಂಬಳ ಬೇರೆಲ್ಲೂ ಸಿಕ್ಕಿರಲಾರದು.

ಇದು ನಮ್ಮ ಬೇಟೆಯಲ್ಲ. ಒಂದು ಕಂಪನಿಗೆ ಕಳಿಸಿದರೆ ಅವರು ಡಬ್ಬದ ಮೂಲೆ, ಸುತ್ತಿದ ಪ್ಲಾಸ್ಟಿಕ್ ಎಲ್ಲ ನೋಡಿ ಹತ್ತಕ್ಕೆ ಇಷ್ಟು ಅಂತ ಅಂಕ ಕೊಟ್ಟು ಗಟ್ಟಿ ಪೆಟ್ಟಿಗೆಯಲ್ಲಿ ಮುಚ್ಚಿ ಕೊಡುತ್ತಾರೆ. ಆಮೇಲೆ ಆ ಆಟವನ್ನು ಯಾರೂ ಆಡುವುದಿಲ್ಲ. ಮಾರಿಯೊ 64 ಆಟದ ಪ್ರತಿಗಳು ಒಂದು ಕೋಟಿಗೂ ಮೇಲೆ ಬಿಕರಿಯಾಗಿವೆ. ಆ ಬೆಲೆ ಆಟದ್ದೂ ಅಲ್ಲ, ಕ್ಯಾಸೆಟ್ಟಿನದೂ ಅಲ್ಲ, ಮೇಲಿನ ಪ್ಲಾಸ್ಟಿಕ್ಕಿನದು. ನನಗಂತೂ ಅದು ಷೇರು ಪೇಟೆ ಥರ ಕಾಣುತ್ತದೆ. ಯಾರ್ಡ್ ಸೇಲಿನಲ್ಲಿ ಬಿಚ್ಚದ ಎನ್‌ಇಎಸ್ ಡಬ್ಬ ಸಿಕ್ಕರೆ ಹಿಂಬದಿ ನೋಡಿ. ಅಸಲಿ ಪ್ಲಾಸ್ಟಿಕ್ಕಿಗೆ ಬೆನ್ನ ಮೇಲೆ ಅಡ್ಡಕ್ಕೆ ಒಂದು ಬೆಸುಗೆ ಗೆರೆ ಇರುತ್ತದೆ. ಇಲ್ಲದಿದ್ದರೆ ಯಾರೋ ಈಚೆಗೆ ಸುತ್ತಿದ್ದಿರಬಹುದು.

ಆಡುವವರು ದುಡ್ಡು ಕೊಡುವುದಕ್ಕೆ ಬೇರೆ ಕಾರಣ ಇದೆ. 2010ಕ್ಕೆ ಮುಂಚೆ ಅಮೆರಿಕದಲ್ಲಿ ಬಂದ ಆಟಗಳಲ್ಲಿ 87 ಶೇಕಡಾ ಈಗ ಅಂಗಡಿಯಲ್ಲಿ ಯಾವ ರೂಪದಲ್ಲೂ ಸಿಗುವುದಿಲ್ಲ ಅಂತ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಲೆಕ್ಕ ಹಾಕಿತು. ಅದೇ ವರ್ಷ ಮಾರ್ಚ್‌ನಲ್ಲಿ ನಿಂಟೆಂಡೊ ತನ್ನ 3ಡಿಎಸ್ ಮತ್ತು ವೀ ಯು ಡಬ್ಬಗಳ ಆನ್‌ಲೈನ್ ಅಂಗಡಿಗೆ ಬೀಗ ಹಾಕಿತು. ಹಳೇ ಆಟ ಬೇಕು ಅಂದರೆ ಹಳೇ ಕ್ಯಾಸೆಟ್ಟೇ ಗತಿ.

ನಮ್ಮ ಟ್ಯಾಂಕ್ ಆಟ ಎಲ್ಲಿ?

ಇಷ್ಟೆಲ್ಲ ಹುಡುಕಿದ ಮೇಲೆ ನನಗೆ ಒಂದು ವಿಷಯ ತಡವಾಗಿ ಹೊಳೆಯಿತು. ಚಿಕ್ಕಂದಿನಲ್ಲಿ ನಾನು ಆಡಿದ ಆಟಗಳಲ್ಲಿ ಕೆಲವು ಇಲ್ಲಿ ಸಿಗುವುದೇ ಇಲ್ಲ. ಮಾರಿಯೊ ಇದೆ, ಕಾಂಟ್ರಾ ಇದೆ. ಆದರೆ ಟ್ಯಾಂಕ್ ಆಟ ಇಲ್ಲ, ಸರ್ಕಸ್ ಇಲ್ಲ, ಕಾರ್ ರೇಸಿನ ರೋಡ್ ಫೈಟರ್ ಇಲ್ಲ. ಅಮೆರಿಕದ ಗೆಳೆಯರಿಗೆ ಹೇಳಿದರೆ ಪಿಳಿಪಿಳಿ ನೋಡುತ್ತಾರೆ.

ಕಾರಣ ಇಷ್ಟೇ. ತೊಂಬತ್ತರ ದಶಕದಲ್ಲಿ ನಮ್ಮ ಮನೆಗಳಿಗೆ ಬಂದ ಮೀಡಿಯಾ, ಲಿಟಲ್ ಮಾಸ್ಟರ್ ಥರದ ಡಬ್ಬಗಳು ಜಪಾನಿನ ಫ್ಯಾಮಿಕಾಮ್‌ನ ನಕಲು. ಫ್ಯಾಮಿಕಾಮ್ ಅಂದರೆ ನಿಂಟೆಂಡೊ 1983ರಲ್ಲಿ ಜಪಾನಿನಲ್ಲಿ ಬಿಟ್ಟದ್ದು, ಎನ್‌ಇಎಸ್‌ನ ಅಣ್ಣ. "9999 ಇನ್ 1" ಅಂತ ಬರೆದ ನಮ್ಮ ಹಳದಿ ಕ್ಯಾಸೆಟ್ಟಿನಲ್ಲಿ ಇದ್ದದ್ದು ಜಪಾನಿನ ಆಟಗಳು. ಟ್ಯಾಂಕ್ ಆಟದ ಅಸಲಿ ಹೆಸರು ಬ್ಯಾಟಲ್ ಸಿಟಿ, 1985ರಲ್ಲಿ ನ್ಯಾಮ್ಕೊ ಮಾಡಿದ್ದು. ಅಮೆರಿಕದ ಎನ್‌ಇಎಸ್‌ಗೆ ಅದು ಬರಲೇ ಇಲ್ಲ. ಎಷ್ಟು ಯಾರ್ಡ್ ಸೇಲ್ ತಿರುಗಿದರೂ ಅಷ್ಟೇ. ಊರಿನಿಂದ ಹಳದಿ ಕ್ಯಾಸೆಟ್ಟು ತಂದರೂ ಉಪಯೋಗವಿಲ್ಲ. ಅದಕ್ಕೆ 60 ಹಲ್ಲು, ಎನ್‌ಇಎಸ್‌ಗೆ 72.

ಹೋದ ವರ್ಷ ಊರಿಗೆ ಹೋದಾಗ ಅಮ್ಮ ಅಟ್ಟದಿಂದ ಆ ಹಳದಿ ಕ್ಯಾಸೆಟ್ಟು ಹುಡುಕಿ ಕೊಟ್ಟರು. ಸೂಟ್‌ಕೇಸಿನಲ್ಲಿ ಚಟ್ನಿಪುಡಿ ಡಬ್ಬದ ಪಕ್ಕ ಇಟ್ಟು ತಂದೆ. ಆಗ ನೆನಪಾದದ್ದು ಜೈರೊಮೈಟ್. 1985ರಲ್ಲಿ ಒಂದು ಪ್ಲಾಸ್ಟಿಕ್ ರೋಬೋಟಿನ ಜೊತೆ ಕೊಡುತ್ತಿದ್ದ ಆಟ. ಮೊದಲ ದಿನಗಳಲ್ಲಿ ಕೆಲವು ಜೈರೊಮೈಟ್ ಕ್ಯಾಸೆಟ್ಟುಗಳೊಳಗೆ ನಿಂಟೆಂಡೊದವರು ಜಪಾನಿನ 60 ಹಲ್ಲಿನ ಹಲಗೆಯನ್ನೇ ಇಟ್ಟು, ಅದಕ್ಕೊಂದು 60ರಿಂದ 72ರ ಅಡಾಪ್ಟರ್ ಸಿಕ್ಕಿಸಿ ಮಾರಿದ್ದರು. ಅಂಥವನ್ನು ಗುರುತಿಸುವುದು ತೂಕದಿಂದ. ಐದು ಸ್ಕ್ರೂ ಇರುವುದನ್ನು ನೋಡಿ ಒಂದೊಂದು ಕೈಯಲ್ಲಿ ಒಂದೊಂದು ಹಿಡಿದು ಅಂದಾಜು ಮಾಡಬೇಕು, ತೆಂಗಿನಕಾಯಿ ಆರಿಸಿದ ಹಾಗೆ. ಒಂದು ಗರಾಜ್ ಸೇಲಿನಲ್ಲಿ ಮೂರು ಡಾಲರಿಗೆ ಭಾರದ್ದೊಂದು ಸಿಕ್ಕಿತು.

ಬಿಚ್ಚಿದೆ. ಅಡಾಪ್ಟರ್ ಇತ್ತು. ಹಳದಿ ಕ್ಯಾಸೆಟ್ಟನ್ನು ಸಿಕ್ಕಿಸಿ, ಆಮೇಲೆ ಎಳೆದು ತೆಗೆಯಲು ರಿಬ್ಬನ್ ಕಟ್ಟಿ, ಎನ್‌ಇಎಸ್‌ನೊಳಗೆ ತಳ್ಳಿದೆ. ಡಬ್ಬಾ ಟಿವಿಯಲ್ಲಿ ಪಟ್ಟಿ ಬಂತು. ಟ್ಯಾಂಕ್ ಆರಿಸಿದೆ. ಆದರೆ ಎಲ್ಲವೂ ನೆನಪಿಗಿಂತ ಜೋರಾಗಿ ಓಡುತ್ತಿತ್ತು. ನಮ್ಮೂರಿನ ಟಿವಿ ಸೆಕೆಂಡಿಗೆ 50 ಸಲ ಚಿತ್ರ ಬರೆಯುತ್ತಿತ್ತು, ಇಲ್ಲಿಯದು 60 ಸಲ. ನಾನು ಚಿಕ್ಕಂದಿನಲ್ಲಿ ಆಡಿದ್ದು ನಿಧಾನದ ಆಟ ಅಂತ ಗೊತ್ತಾದದ್ದು ಆಗಲೇ. ಇಟ್ಟಿಗೆ ಗೋಡೆಯ ಹಿಂದೆ ಟ್ಯಾಂಕ್ ತಿರುಗಿಸುವಷ್ಟರಲ್ಲಿ ಶತ್ರು ಬಂದು ನಾನು ಕಾಯಬೇಕಿದ್ದ ಹದ್ದಿಗೆ ಹೊಡೆದಾಗಿತ್ತು. ಮೊದಲನೇ ಸ್ಟೇಜಿನಲ್ಲೇ.